ಗರಗಸದ ಊರು

ಆ ದಿನ ಮನೆಯಲ್ಲಿ ಹುರುಳಿಕಾಳಿನ ಸಾರು. ಕಂಪನಿ ಬಸ್ಸಿಳಿದು ಬಂದ ಯಶೋದ ಮುಖ ತೊಳೆದು, ಸೀದಾ ಒಲೆ ಮುಂದೆ ಕೂತು ಮುದ್ದೆ ತೊಳಸಿದಳು. ಮಾವ ಬೋರಪ್ಪ ಕುರಿ ರೊಪ್ಪದ ತಡಿಕೆ ಎಳೆದು ಒಳಗೆ ಬಂದ. ಗಂಡ ಯೋಗೀಶ ಮಧುಗಿರಿಯಿಂದ ಬಂದವನು ಗೂಡ್ಸ್ ಆಟೋವನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ. ಅತ್ತೆ ನಾಗಕ್ಕ ತಟ್ಟೆ ಹಾಕಿದಳು. ಎಲ್ಲರೂ ಎರಡು ತುತ್ತು ನುಂಗುವವರೆಗೂ ಸುಮ್ಮನಿದ್ದು, ಆಮೇಲೆ ಯಶೋದ ಮಾತು ತೆಗೆದಳು.

"ಕಂಪ್ನಿಯೋರು ನನ್ನ ಸ್ವೀಡನ್‌ಗೆ ಕಳಿಸ್ತಾರಂತೆ. ಹತ್ತು ವಾರ."

"ಅದೆಲ್ಲಿ ಬತ್ತದೆ? ಹಿಂದೂಪುರದ ಕಡೀಕಾ?" ಬೋರಪ್ಪ ಕೇಳಿದ.

"ಇಲ್ಲ ಮಾವ, ಹೊರದೇಶ. ಇಮಾನದಾಗೆ ಹೋಗ್ಬೇಕು."

ಯೋಗೀಶ ಮುದ್ದೆ ಮುರಿಯುವುದನ್ನು ನಿಲ್ಲಿಸಿದ.

ಯಶೋದ ಮಿಡಿಗೇಶಿಯ ಹುಡುಗಿ. ಮಧುಗಿರಿಯಲ್ಲಿ ಐಟಿಐ ಓದಿದ್ದಳು. ಮದುವೆಯಾಗಿ ಪುರವರದ ಹತ್ತಿರದ ಈ ಊರಿಗೆ ಬಂದ ಮೇಲೆ, ಕೊರಟಗೆರೆ ಆಚೆಗಿನ ಕೈಗಾರಿಕಾ ಪ್ರದೇಶದಲ್ಲಿ ಗರಗಸದ ಪಟ್ಟಿ ತಯಾರಿಸುವ ಕಂಪನಿ ಸೇರಿದ್ದಳು. ಮರ ಕೊಯ್ಯುವ, ಕಬ್ಬಿಣ ಕೊಯ್ಯುವ ಉಕ್ಕಿನ ಪಟ್ಟಿಗಳು. ಆ ಕಂಪನಿಯ ತಾಯಿ ಕಾರ್ಖಾನೆ ಸ್ವೀಡನ್ನಿನ ಒಂದು ಸಣ್ಣ ಊರಿನಲ್ಲಿತ್ತು. ಅದನ್ನು ಹೊಸ ವರ್ಷಕ್ಕೆ ಮುಚ್ಚುತ್ತಾರೆ, ಅಲ್ಲಿಯ, ಪಟ್ಟಿಯ ಹಲ್ಲು ಮಸೆಯುವ ದೊಡ್ಡ ಮೆಷಿನ್ ಇಲ್ಲಿಗೆ ಬರುತ್ತದೆ. ಅದನ್ನು ನಡೆಸುವುದು ಕಲಿತು ಬರಲು ಇಬ್ಬರನ್ನು ಆರಿಸಿದ್ದರು. ಯಶೋದ, ಮತ್ತೆ ಶಿರಾದಿಂದ ಬರುವ ಪವಿತ್ರ.

"ಅಷ್ಟು ದೊಡ್ಡ ಕಂಪ್ನೀಲಿ ಗಂಡಸ್ರೇ ಸಿಗ್ಲಿಲ್ವಂತಾ?" ನಾಗಕ್ಕ ಕೇಳಿದಳು.

"ಸಿಕ್ಕವ್ರೆ ಅತ್ತೆ. ಅವ್ರಿಗಿಂತ ನನ್ ಕೈ ನಿಧಾನ ಅಂತ ನನ್ನ ಕಳಿಸ್ತಾವ್ರೆ. ಆ ಮೆಷಿನ್‌ಗೆ ಅವಸರ ಆಗಕಿಲ್ವಂತೆ."

"ತುಮಕೂರಿನ ಡಾಕ್ಟ್ರಮ್ಮ ಮುಂದಿನ ತಿಂಗಳು ಬಾ ಅಂದವ್ಳಲ್ಲ, ಅದು?" ನಾಗಕ್ಕ ಬಿಡಲಿಲ್ಲ.

ಮದುವೆಯಾಗಿ ಏಳು ವರ್ಷವಾಗಿತ್ತು. ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಬೀರದೇವರಿಗೆ ಹರಕೆ, ತುಮಕೂರಿನ ಮಾತ್ರೆ, ಪಾವಗಡದ ಕಡೆಯ ನಾಟಿ ಔಷಧಿಯ ಪೆದ್ದಮ್ಮ ಕೊಟ್ಟ ಬೇರು, ಎಲ್ಲವೂ ಆಗಿತ್ತು.

"ನಿಂಗೆ ಹೋಗ್ಬೇಕು ಅಂತ ಐತಾ?" ಯೋಗೀಶ ಕೇಳಿದ.

"ಐತೆ," ಅಂದಳು ಯಶೋದ.

ಇಷ್ಟು ನೇರವಾಗಿ ಹೇಳುತ್ತಾಳೆ ಅಂತ ಅವನು ಅಂದುಕೊಂಡಿರಲಿಲ್ಲ. ತಟ್ಟೆಯಲ್ಲೇ ಕೈ ತೊಳೆದು ಎದ್ದ. ಆದರೆ ಮಾರನೆಯ ದಿನ ಮಧುಗಿರಿಯ ಆಟೋ ಸ್ಟ್ಯಾಂಡಿನಲ್ಲಿ ಅವನೇ ಎಲ್ಲರಿಗೂ ಹೇಳಿದ. ಸ್ನೇಹಿತ ಯುವರಾಜ್ "ಏನ್ಲಾ, ಹೆಂಡ್ತಿ ಫಾರಿನ್ನು, ನೀನು ಕಡ್ಲೆಕಾಯಿ ಮೂಟೆ" ಅಂತ ನಕ್ಕಾಗ ತಾನೂ ನಕ್ಕ. ಸಂಜೆ ಮನೆಗೆ ಬರುವಾಗ ಅವಳಿಗೆ ಉಣ್ಣೆಯ ಟೋಪಿ ತಂದ. "ಅಲ್ಲಿ ಚಳಿಯಂತೆ," ಅಂದ. ಅಷ್ಟೇ ಅವನ ಒಪ್ಪಿಗೆ.

ನಾಗಕ್ಕ ಮಾತ್ರ ಹೊರಡುವ ದಿನದವರೆಗೂ ಗೊಣಗುತ್ತಲೇ ಇದ್ದಳು. ಗೊಣಗುತ್ತಲೇ ರಾಗಿ ಹಿಟ್ಟು ಬೀಸಿಸಿ ತಂದಳು, ಹುರುಳಿ ಹುರಿದು ಪುಡಿ ಮಾಡಿದಳು, ಹುಣಸೆಹಣ್ಣು ಉಂಡೆ ಕಟ್ಟಿದಳು.

ಯಶೋದ ಬಂದಿಳಿದ ಕ್ವಾರ್ನಫಾರ್ಸ್ ಅನ್ನುವುದು ಸ್ವೀಡನ್ನಿನ ಹೊಳೆ ದಂಡೆಯ ಊರು. ಮೊದಲು ಕಾರ್ಖಾನೆ ಬಂದು, ಆಮೇಲೆ ಊರು ಅದರ ಸುತ್ತ ಬೆಳೆದಿತ್ತು. ಶಾಲೆ, ಕೆಲಸಗಾರರ ಸಭಾಭವನ, ಹುಡುಗರು ಐಸ್ ಮೇಲೆ ಆಡುವ ಮೈದಾನ, ಕೊನೆಗೆ ಕೆಂಪು ಇಟ್ಟಿಗೆಯ ಪುರಸಭೆ ಕೂಡ ಕಾರ್ಖಾನೆಯ ಹಣದಿಂದಲೇ ಎದ್ದಿದ್ದವು. ಬೆಳಿಗ್ಗೆ ಸೈರನ್ ಕೂಗಿದರೆ ಇಡೀ ಊರು ಏಳುತ್ತಿತ್ತು. ಈಗ ಅಂಗಡಿ ಬೀದಿಯಲ್ಲಿ ಅರ್ಧಕ್ಕರ್ಧ ಬಾಗಿಲು ಮುಚ್ಚಿದ್ದವು. ಬಸ್ಸು ಖಾಲಿಯೇ ಬಂದು ಖಾಲಿಯೇ ಹೋಗುತ್ತಿತ್ತು. ದಿನ ಕಳೆದ ಹಾಗೆ ಹೊತ್ತು ಬೇಗ ಬೇಗ ಮುಳುಗಿ, ಕೆಲಸ ಬಿಡುವಷ್ಟರಲ್ಲಿ ಕಪ್ಪು ಕತ್ತಲಾಗುತ್ತಿತ್ತು.

ಯಶೋದಳಿಗೆ ಕಲಿಸಬೇಕಾದವಳು ಮಾರ್ಗರೆಟಾ. ಅರವತ್ತರ ಹತ್ತಿರದ, ದಪ್ಪ ಕೈಗಳ ಹೆಂಗಸು. ಅವಳ ಅಪ್ಪ, ಅಜ್ಜ ಇಬ್ಬರೂ ಅದೇ ಕಾರ್ಖಾನೆಯವರು. ಮೊದಲ ವಾರ ಅವಳು ಯಶೋದಳ ಮುಖ ನೋಡಲಿಲ್ಲ. ಮೆಷಿನ್ ಮುಂದೆ ಬೆನ್ನು ಮಾಡಿ ನಿಂತು ತನ್ನ ಪಾಡಿಗೆ ಕೆಲಸ ಮಾಡಿದಳು. ಒಂಬತ್ತು ಗಂಟೆಗೆ ಎಲ್ಲರೂ ಕಾಫಿಗೆ ಕೂತಾಗ ಬೇರೆ ಮೇಜಿಗೆ ಹೋದಳು.

"ಇವಳ ಕೆಲ್ಸ ನಾವು ಕಿತ್ಕೊಳ್ಳೋಕೆ ಬಂದಿದೀವಲ್ಲ. ಕಾಫಿ ಕೊಟ್ಟು ಕೂರಿಸ್ತಾಳಾ?" ಪವಿತ್ರ ಅಂದಳು.

ಯಶೋದ ಬೆನ್ನ ಹಿಂದೆಯೇ ನಿಂತು ನೋಡುತ್ತಾ ಕಲಿತಳು. ಎರಡನೆಯ ವಾರ ಒಂದು ಪಟ್ಟಿ ಹಾದಿ ತಪ್ಪಿ ಚಿಮ್ಮಿತು. ಯಶೋದ ಹಿಡಿಯಲು ಕೈ ಚಾಚಿದಳು. ಮಾರ್ಗರೆಟಾ ಅವಳ ಮಣಿಕಟ್ಟು ಹಿಡಿದು ರಪ್ಪನೆ ಎಳೆದಳು. ಮೆಷಿನ್ ನಿಂತಿತು. ಮಾರ್ಗರೆಟಾ ತನ್ನ ಎಡಗೈ ತೋರಿಸಿದಳು. ಕಿರುಬೆರಳು ಅರ್ಧವೇ ಇತ್ತು.

ಆಮೇಲೆ ಕಾಫಿಗೆ ತನ್ನ ಮೇಜಿಗೇ ಕರೆದಳು. ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಫೋನಿನಲ್ಲಿ ಭಾಷೆ ಬದಲಿಸಿಕೊಂಡು ಮಾತಾಡಿದಳು. ನಿನ್ನ ಮೇಲೆ ಕೋಪವಿಲ್ಲ ಅಂದಳು. ಕೋಪ ಮಾಡಿಕೊಳ್ಳಬೇಕಾದವರು ಯಾರೂ ಈ ಊರಿನಲ್ಲಿ ಇಲ್ಲ, ಎಲ್ಲ ದೊಡ್ಡ ಊರಿನಲ್ಲಿ ಕೂತಿದ್ದಾರೆ ಅಂದಳು. ಮನೆ ಮಾರಿ ಮಗಳ ಹತ್ತಿರ ಹೋಗೋಣ ಅಂದರೆ ಕೊಳ್ಳುವವರಿಲ್ಲ. ಕಾರ್ಖಾನೆ ಮುಚ್ಚುವ ಊರಿನಲ್ಲಿ ಯಾರು ಮನೆ ಕೊಳ್ಳುತ್ತಾರೆ?

ಇತ್ತ ಮನೆಯಲ್ಲಿ ಕೆಲಸವೆಲ್ಲ ನಾಗಕ್ಕನ ತಲೆಗೆ ಬಂದಿತ್ತು. ಅವಳಿಗೆ ಮಂಡಿ ನೋವು. ರಾಗಿ ಕೊಯ್ಲು ಬೇರೆ ಶುರುವಾಗಿತ್ತು. ಯೋಗೀಶ ಒಂದು ದಿನ ಮಧುಗಿರಿಯಿಂದ ಹೋಟೆಲ್ ಪಾರ್ಸಲ್ ತಂದ.

"ಇದೇನ್ಲಾ, ರಬ್ಬರ್ ಇದ್ದಂಗೈತೆ," ಬೋರಪ್ಪ ಪರೋಟ ಎಳೆದು ನೋಡಿದ.

"ಅವ್ವನಿಗೆ ಮಂಡಿ ನೋವು ಅಂತ ತಂದೆ ಅಪ್ಪಾ."

"ಮಂಡಿ ನೋವು ಅಂತ ನಾನು ಹೇಳಿದ್ನಾ?" ನಾಗಕ್ಕ ಅಂದಳು. "ನೀರು ಸೇದಿಕೊಡು, ಸೌದೆ ಸೀಳು. ಮುದ್ದೆ ನಾನೇ ಮಾಡ್ತೀನಿ."

ಯೋಗೀಶ ಸೌದೆ ಸೀಳಿದ. ದಿನಾ ಸಂಜೆ ವಿಡಿಯೋ ಕಾಲ್ ಬರುತ್ತಿತ್ತು. ನಾಗಕ್ಕ ಫೋನಿಗೆ ತೀರಾ ಹತ್ತಿರ ಬಂದು ಬರೀ ಹಣೆ ತೋರಿಸುತ್ತಾ, "ಏನು ಉಂಡೆ?" ಅಂತ ಮಾತ್ರ ಕೇಳಿ ಹೋಗುತ್ತಿದ್ದಳು.

ನವೆಂಬರಿನಲ್ಲಿ ಯಶೋದಳಿಗೆ ಒಗ್ಗರಣೆ ವಾಸನೆಗೇ ವಾಂತಿ ಬರತೊಡಗಿತು. ಮುಟ್ಟು ನಿಂತಿದ್ದನ್ನು ಚಳಿಗೆ, ನೀರು ಬದಲಾಗಿದ್ದಕ್ಕೆ ಅಂದುಕೊಂಡಿದ್ದಳು. ಔಷಧಿ ಅಂಗಡಿಯಿಂದ ಪವಿತ್ರಳೇ ಪರೀಕ್ಷೆಯ ಕಡ್ಡಿ ತಂದುಕೊಟ್ಟಳು. ಎರಡು ಗೆರೆ ಬಂದವು. ಏಳು ವರ್ಷ ನೋಡದ ಎರಡು ಗೆರೆ.

ಫೋನಿನಲ್ಲಿ ಹೇಳಿದಾಗ ಯೋಗೀಶ, "ಇನ್ನೊಂದ್ಸಲ ಹೇಳು," ಅಂದ. ಆಮೇಲೆ ಫೋನು ಅವ್ವನ ಕೈಗೆ ಕೊಟ್ಟು ಹೊರಗೆ ಹೋಗಿ, ಆಟೋದ ಮೇಲೆ ಕೈಯೂರಿ ನಿಂತ.

ನಾಗಕ್ಕ ಅವತ್ತು ಹಣೆಯಲ್ಲ, ಪೂರ್ತಿ ಮುಖ ತೋರಿಸಿದಳು. "ಭಾರ ಎತ್ಬೇಡ. ಜಾರೋ ಕಡೆ ನಡೀಬೇಡ. ಪರಂಗಿ ಹಣ್ಣು ಮುಟ್ಬೇಡ."

"ಇಲ್ಲಿ ಪರಂಗಿ ಸಿಗಕಿಲ್ಲ ಅತ್ತೆ."

"ಒಳ್ಳೇದಾತು. ಯಾವತ್ತು ಬತ್ತೀಯ?"

ಅಲ್ಲಿಂದ ಶುರುವಾಯಿತು ಜಗಳ. ಇನ್ನೂ ನಾಲ್ಕು ವಾರ ಬಾಕಿ ಇತ್ತು. ಯಶೋದ ಮ್ಯಾನೇಜರಿಗೆ ಫೋನ್ ಮಾಡಿದಳು. ಅವರು ಒರಟಾಗಿ ಮಾತಾಡಲಿಲ್ಲ. ಬೇಕಾದರೆ ಬನ್ನಿ ಅಂದರು. ಆದರೆ ಕಲಿಯುವುದು ಪೂರ್ತಿಯಾಗದೆ ಮೆಷಿನ್ ನಿಮ್ಮ ಕೈಗೆ ಕೊಡಲಾಗುವುದಿಲ್ಲ, ಬೇರೆಯವರನ್ನು ಕಳಿಸುತ್ತೇವೆ ಅಂದರು. ಕ್ವಾರ್ನಫಾರ್ಸಿನ ಆರೋಗ್ಯ ಕೇಂದ್ರದ ಸೂಲಗಿತ್ತಿ ನರ್ಸ್ ರಕ್ತ ನೋಡಿ, ಬಿಪಿ ನೋಡಿ, ಕೆಲಸ ಮಾಡಬಹುದು, ಮೆಷಿನ್ನಿನ ಎಣ್ಣೆ ಹೊಗೆಯಿಂದ ದೂರ ಇದ್ದರೆ ಸಾಕು ಅಂದಳು. ಮಾರ್ಗರೆಟಾ ಅವತ್ತಿನಿಂದ ಎಣ್ಣೆ ಹಾಕುವ ಕೆಲಸ ತಾನೇ ಮಾಡಿದಳು. ಯಶೋದಳಿಗೆ ಒಂದು ಕುರ್ಚಿ ತಂದಿಟ್ಟಳು.

"ನಾಲ್ಕು ವಾರ ಮುಗಿಸ್ಕೊಂಡೇ ಬತ್ತೀನಿ ಕಣ್ರೀ," ಅಂದಳು ಯಶೋದ ಗಂಡನಿಗೆ. "ಏನೂ ತೊಂದ್ರೆ ಇಲ್ಲ ಅಂತ ಹೇಳವ್ರೆ."

"ನಿಂಗೆ ಮಗು ಬೇಕೋ, ಮೆಷಿನ್ ಬೇಕೋ?"

"ಎರಡೂ ಬೇಕು ಅಂದ್ರೆ ತಪ್ಪಾ?"

"ಏಳು ವರ್ಷ ಕಾದಿದೀನಿ ಯಶೋದ. ಸ್ಟ್ಯಾಂಡಲ್ಲಿ ಒಬ್ಬೊಬ್ಬ ಒಂದೊಂದು ಮಾತಾಡ್ದಾಗ ಬಾಯಿ ಮುಚ್ಕೊಂಡಿದೀನಿ. ನಿನಗೆ ಅದು ಕಾಣಕಿಲ್ವಾ?"

"ನಾನೂ ಕಾದಿದೀನಿ. ಮಾತು ನಂಗೂ ಬಿದ್ದವೆ. ನಿಮ್ಮನೇಲೇ ಬಿದ್ದವೆ."

ಒಲೆ ಮುಂದೆ ಕೂತ ನಾಗಕ್ಕನಿಗೆ ಅದು ಕೇಳಿಸಿತು. ಅವಳು ಊದುಗೊಳವೆ ಕೆಳಗಿಟ್ಟಳು. ಬೋರಪ್ಪ, "ಬುಡ್ಲಾ, ಆಯಮ್ಮನಿಗೆ ಅವಳ ಮೈ ಗೊತ್ತಿರಕಿಲ್ವಾ?" ಅಂದ. "ಅಪ್ಪಾ, ನಿಂಗೆ ಕುರಿ ಬಿಟ್ರೆ ಏನು ಗೊತ್ತು?" ಅಂದ ಯೋಗೀಶ. ಬೋರಪ್ಪ ಎದ್ದು ರೊಪ್ಪದ ಕಡೆ ಹೋದ.

ಯಶೋದ ಉಳಿದಳು.

ಡಿಸೆಂಬರ್ ಮೊದಲ ವಾರ ಊರಿನ ಕಿಟಕಿಗಳಲ್ಲೆಲ್ಲ ಕಾಗದದ ನಕ್ಷತ್ರದೊಳಗೆ ದೀಪ ಹಚ್ಚಿದ್ದರು. ಮನೆ ಖಾಲಿ ಮಾಡಿ ಹೋದವರ ಕಿಟಕಿಗಳು ಮಾತ್ರ ಕತ್ತಲಾಗಿದ್ದವು. ಒಂದು ಬೆಳಿಗ್ಗೆ ಕಾಫಿ ಹೊತ್ತಿನಲ್ಲಿ ಯಶೋದ ಏಳಲು ಹೋದವಳು ಮೇಜು ಹಿಡಿದು ನಿಂತುಬಿಟ್ಟಳು. ಕುರ್ಚಿಯ ಮೇಲೆ ರಕ್ತ ಇತ್ತು.

ಮಾರ್ಗರೆಟಾ ಯಾರನ್ನೂ ಕೇಳದೆ ಕಾರಿನ ಬೀಗದ ಕೈ ತೆಗೆದುಕೊಂಡಳು. ಆ ಊರಿನ ಹೆರಿಗೆ ವಾರ್ಡು ಮುಚ್ಚಿ ವರ್ಷಗಳಾಗಿದ್ದವು. ದೊಡ್ಡ ಆಸ್ಪತ್ರೆ ಕಾಡಿನ ದಾರಿಯಲ್ಲಿ ಬಹಳ ದೂರ. ಹಿಮ ಸುರಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಪವಿತ್ರಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ ಯಶೋದ, "ಇನ್ನೂ ಎಷ್ಟು ದೂರ?" ಅಂತ ಮತ್ತೆ ಮತ್ತೆ ಕೇಳಿದಳು. "ಬಂತು ಬಂತು," ಅಂದಳು ಪವಿತ್ರ. ಬಂದಿರಲಿಲ್ಲ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು ಕುರ್ಚಿ ಹತ್ತಿರ ಎಳೆದು ಕೂತು, ನಿಧಾನವಾಗಿ ಹೇಳಿದರು. ಪವಿತ್ರ ಅತ್ತುಕೊಂಡೇ ಕನ್ನಡದಲ್ಲಿ ಹೇಳಿದಳು.

"ಮೂರು ವಾರದ ಹಿಂದೇನೇ ಬೆಳೆಯೋದು ನಿಂತೋಗಿತ್ತಂತೆ ಅಕ್ಕ. ಶುರುವಿಂದ್ಲೇ ಸರಿಯಾಗಿ ಕೂಡ್ಕೊಂಡಿರ್ಲಿಲ್ವಂತೆ. ನೀನು ಕೆಲ್ಸ ಮಾಡಿದ್ದಕ್ಕಲ್ಲ, ವಿಮಾನದಾಗೆ ಬಂದಿದ್ದಕ್ಕಲ್ಲ. ಎಲ್ಲಿದ್ರೂ ಹಿಂಗೇ ಆಗ್ತಿತ್ತಂತೆ."

ಮೂರು ವಾರದ ಹಿಂದೆ. ಗಂಡ ಹೆಂಡತಿ ಫೋನಿನಲ್ಲಿ ಅದಕ್ಕಾಗಿ ಜಗಳವಾಡುತ್ತಿದ್ದ ದಿನಗಳಲ್ಲೇ ಅದು ಇಲ್ಲವಾಗಿತ್ತು.

ಮಾರ್ಗರೆಟಾ ಅವಳನ್ನು ಗೆಸ್ಟ್ ಹೌಸಿಗೆ ಕಳಿಸದೆ ತನ್ನ ಮನೆಗೇ ಕರೆದುಕೊಂಡು ಹೋದಳು. ಅವಳ ಬಟ್ಟೆ ಒಗೆದು ಒಣಗಲು ಹಾಕಿದಳು. ಅನ್ನ ಮಾಡಲು ಹೋಗಿ, ನೀರು ಹೆಚ್ಚಾಗಿ ಮುದ್ದೆ ಮಾಡಿಬಿಟ್ಟಳು. ಯಶೋದ ಅದನ್ನೇ ಎರಡು ತುತ್ತು ಉಂಡು, ಮನೆಗೆ ಫೋನ್ ಮಾಡಿದಳು.

ಯೋಗೀಶ ಎತ್ತಿದ. ಅವಳು ಹೇಳಿದಳು. ಡಾಕ್ಟರು ಹೇಳಿದ್ದನ್ನೂ ಹೇಳಿದಳು.

"ಡಾಕ್ಟ್ರು ಅಂಗೇ ಹೇಳ್ತಾರೆ," ಅಂದ ಅವನು. "ನಾನು ಬಾ ಅಂದಿದ್ದೆ." ಫೋನ್ ಇಟ್ಟ.

ಆ ವಾರವಿಡೀ ಯೋಗೀಶ ಮನೆಯಲ್ಲಿ ಊಟ ಮಾಡಲಿಲ್ಲ. ನಾಗಕ್ಕ ಮಾಡಿದ ಮುದ್ದೆ ಬೆಳಿಗ್ಗೆ ಕುರಿ ಕಾಯುವ ನಾಯಿಗೆ ಹೋಗುತ್ತಿತ್ತು. ಪಕ್ಕದ ಮನೆಯ ಚಿಕ್ಕಹನುಮಕ್ಕ ಕೊಟ್ಟಿಗೆಯ ಹತ್ತಿರ ನಿಂತು, "ಹೊಟ್ಟೇಲಿ ಇಟ್ಕೊಂಡು ಆಕಾಶದಾಗೆ ಓಡಾಡಿದ್ರೆ ನಿಲ್ತದೇನಕ್ಕ?" ಅಂದಳು. ನಾಗಕ್ಕ ಸಗಣಿ ಬಾಚುತ್ತಿದ್ದವಳು ಬಗ್ಗಿಯೇ ಇದ್ದು, "ನಿನ್ನ ಮಗಳದ್ದು ಊರಲ್ಲೇ ಇದ್ದು ಹೋಯ್ತಲ್ಲ. ಅವಳೆಲ್ಲಿ ಹಾರಿದ್ಲು?" ಅಂದಳು. ಚಿಕ್ಕಹನುಮಕ್ಕ ಸೆರಗು ಎಳೆದುಕೊಂಡು ತನ್ನ ಮನೆಗೆ ಹೋದಳು.

ಹತ್ತನೆಯ ವಾರ ಮುಗಿಸಿಯೇ ಯಶೋದ ಬಂದಳು. ಕಂಪನಿಯ ಕಾರು ಪುರವರದಲ್ಲಿ ಇಳಿಸಿತು. ಬೋರಪ್ಪ ಒಬ್ಬನೇ ಕಾದಿದ್ದ. ಪೆಟ್ಟಿಗೆಯನ್ನು ತಾನೇ ಹೊತ್ತ. ದಾರಿಯುದ್ದಕ್ಕೂ ಈದ ಕುರಿಗಳ ಬಗ್ಗೆ, ಕೊಯ್ದ ರಾಗಿಯ ಬಗ್ಗೆ ಹೇಳಿದ. ಮನೆ ಹತ್ತಿರ ಬಂದಾಗ, "ಅವನು ಏನಾದ್ರೂ ಅಂದ್ರೆ ಉತ್ತರ ಕೊಡ್ಬೇಡ ಕಣಮ್ಮ. ಅವನಿಗೆ ಅಳೋಕೆ ಬರಕಿಲ್ಲ," ಅಂದ.

ಸಂಜೆ ಅವರೆಕಾಳಿನ ಸಾರು. ನಾಲ್ವರೂ ಕೂತರು. ಯೋಗೀಶ ತಲೆಯೆತ್ತದೆ ಕೇಳಿದ.

"ಮೆಷಿನ್ ಬಂತಾ?"

"ಇನ್ನೂ ಇಲ್ಲ. ಬಿಚ್ತಾವ್ರೆ, ಹಡಗಿನಾಗೆ ಬತ್ತದಂತೆ."

"ಅದಾದ್ರೂ ಉಳೀತಲ್ಲ. ಅದನ್ನೇ ಸಾಕು. ನನ್ ಮಗೀನ ಕೊಂದು ತಂದಿದೀಯ, ಚೆನ್ನಾಗಿ ಸಾಕು."

ಯಶೋದಳ ಕೈ ತಟ್ಟೆಯಲ್ಲೇ ನಿಂತಿತು.

"ಅನ್ನದ ಮುಂದೆ ಕೂತು ಆ ಮಾತಾಡ್ಬೇಡ," ನಾಗಕ್ಕ ಅಂದಳು.

"ನೀನೂ ಅದನ್ನೇ ಹೇಳಿದ್ದೆ ಅವ್ವ. ಬಾ ಅಂತ ನೀನೂ ಹೇಳಿದ್ದೆ."

"ಹೇಳಿದ್ದೆ. ಈಗ ಆ ಮಾತಾಡ್ಬೇಡ ಅಂತ ಹೇಳ್ತಾ ಇದೀನಿ."

ಯೋಗೀಶ ಎದ್ದು, ಎರಡು ಶರ್ಟು ಚೀಲಕ್ಕೆ ತುಂಬಿಕೊಂಡು ಆಟೋ ತೆಗೆದ. ಮಧುಗಿರಿಯಲ್ಲಿ ಯುವರಾಜನ ರೂಮಿನಲ್ಲಿ ಉಳಿದುಕೊಂಡ. ಯಾರು ಫೋನ್ ಮಾಡಿದರೂ "ಬಾಡಿಗೆ ಐತೆ" ಅನ್ನುತ್ತಿದ್ದ.

ಮಾರನೆಯ ಬೆಳಿಗ್ಗೆ ನಾಗಕ್ಕ ಬಚ್ಚಲಿನ ಹಂಡೆಗೆ ಬೇವಿನ ಸೊಪ್ಪು ಹಾಕಿ ಉರಿ ಮಾಡಿದಳು. ನೀರು ಕುದಿಯುವಷ್ಟು ಕಾಯಿಸಿದಳು. ಹರಳೆಣ್ಣೆ ಬೆಚ್ಚಗೆ ಮಾಡಿ ತಂದು, "ಸೀರೆ ಬಿಚ್ಚಿ ಕೂತ್ಕೊ" ಅಂದಳು.

"ಯಾಕತ್ತೆ?"

"ಬಾಣಂತಿ ನೀರು ಹಾಕ್ತೀನಿ."

ಯಶೋದ ಅರ್ಥವಾಗದವಳ ಹಾಗೆ ನೋಡಿದಳು. ನಾಗಕ್ಕ ಅವಳ ಭುಜ ಒತ್ತಿ ಮಣೆಯ ಮೇಲೆ ಕೂರಿಸಿದಳು. ನೆತ್ತಿಗೆ ಎಣ್ಣೆ ತಟ್ಟಿದಳು. ಬೆನ್ನು, ಸೊಂಟ, ಕಾಲು ತಿಕ್ಕಿದಳು. ಮಂಡಿ ನೋವಿಗೆ ಒಂದು ಕೈ ಗೋಡೆಗೆ ಕೊಟ್ಟುಕೊಂಡೇ ಬಗ್ಗಿ, ಸೊಂಟದ ಮೇಲೆ ಚೊಂಬಿನ ಮೇಲೆ ಚೊಂಬು ಬಿಸಿನೀರು ಹೊಯ್ದಳು. ತಲೆ ಒರೆಸಿ, ಸಾಂಬ್ರಾಣಿ ಹೊಗೆ ಹಾಕಿ, ಕಿವಿಗೆ ಹತ್ತಿ ಇಟ್ಟು, ಬಟ್ಟೆ ಬಿಗಿದು ಕಟ್ಟಿದಳು. ಬೋರಪ್ಪ ತನ್ನ ಕಂಬಳಿ ಒಲೆಯ ಪಕ್ಕದಲ್ಲಿ ಹಾಸಿ, ಕುರಿ ಹೊಡೆದುಕೊಂಡು ಹೋದ.

ಹೊಗೆ ವಾಸನೆಗೆ ಚಿಕ್ಕಹನುಮಕ್ಕ ಇಣುಕಿದಳು. "ಇದೇನಕ್ಕ, ಮಗು ಇಲ್ದಲೇ ಬಾಣಂತನ?"

"ಮಗು ಐತೋ ಇಲ್ವೋ ಅಂತ ಮೈಗೆ ಏನು ಗೊತ್ತು?" ಅಂದಳು ನಾಗಕ್ಕ. "ಇವಳ ಮೈ ಬಸುರಾಗಿತ್ತು. ಈಗ ಬರಿದಾಗೈತೆ. ನೀನು ಹೋಗು, ಗಾಳಿ ಬತ್ತದೆ, ಬಾಗಿಲು ಹಾಕ್ಬೇಕು."

ಬಾಗಿಲು ಮುಚ್ಚಿದ ಮೇಲೆ ಯಶೋದ ಅತ್ತಳು. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ವಿಮಾನದಲ್ಲಿ ಅತ್ತಿರಲಿಲ್ಲ. ಕಂಬಳಿಯಲ್ಲಿ ಮುಖ ಹುದುಗಿಸಿ, ಬಾಯಿ ಬಿಟ್ಟು ಅತ್ತಳು. ನಾಗಕ್ಕ ಮೆಣಸು, ಬೆಳ್ಳುಳ್ಳಿ ಅರೆಯುತ್ತಾ ಕೂತಳು. ಅಳು ನಿಂತಾಗ ಸಾರು ಬಿಸಿಯಾಗಿತ್ತು.

ಮೆಷಿನ್ ಬರುವವರೆಗೆ ಯಶೋದ ರಜೆ ಹಾಕಿದಳು, ದಿನಾ ಹೀಗೇ ನಡೆಯಿತು. ವರ್ಷದ ಕೊನೆಯಲ್ಲಿ ಮಾರ್ಗರೆಟಾಳ ಕಾಲ್ ಬಂತು. ಅವಳು ಕಾರ್ಖಾನೆ ಗೇಟಿನ ಮುಂದೆ ಜನರ ನಡುವೆ ನಿಂತಿದ್ದಳು. ಹಿಂದೆ ಸೈರನ್ ಕೂಗುತ್ತಿತ್ತು. ಕೂಗಿ ಕೂಗಿ ನಿಂತಿತು. ಯಾರೂ ಅಲ್ಲಿಂದ ಕದಲಲಿಲ್ಲ. ಮಾರ್ಗರೆಟಾ ಕೈಬೀಸಿ ಫೋನ್ ಆರಿಸಿದಳು.

"ಆಯಮ್ಮ ಇನ್ಮೇಲೆ ಏನು ಮಾಡ್ತಾಳೆ?" ನಾಗಕ್ಕ ಕೇಳಿದಳು.

"ಗೊತ್ತಿಲ್ಲ ಅತ್ತೆ."

"ನಿನ್ನ ಕಾರಲ್ಲಿ ಕರ್ಕೊಂಡು ಹೋದವಳು ಅವಳೇ ಅಲ್ವಾ?"

"ಹೂಂ."

ನಾಗಕ್ಕ ಆರಿದ ಫೋನನ್ನು ಸೆರಗಿನಿಂದ ಒರೆಸಿ ಇಟ್ಟಳು.

ಸಂಕ್ರಾಂತಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಯೋಗೀಶನ ಆಟೋ ಬಂತು. ಉಳಿದ ಬಟ್ಟೆ ತೆಗೆದುಕೊಂಡು ಹೋಗಲು ಬಂದಿದ್ದ. ಒಳಗೆ ಕಾಲಿಟ್ಟವನು ಅಲ್ಲೇ ನಿಂತ. ಒಲೆ ಪಕ್ಕದಲ್ಲಿ, ತಲೆಗೆ ಬಟ್ಟೆ ಕಟ್ಟಿಕೊಂಡು, ಕಂಬಳಿ ಹೊದ್ದು, ಬಾಣಂತಿಯ ಹಾಗೆ ಹೆಂಡತಿ ಕೂತಿದ್ದಳು. ಅವಳ ಪಕ್ಕದಲ್ಲಿ ಏನೂ ಇರಲಿಲ್ಲ. ಅವನ ಕಣ್ಣು ಆ ಖಾಲಿ ಜಾಗವನ್ನೇ ನೋಡಿತು.

"ಗಂಡಾ ಹೆಣ್ಣಾ, ಏನಾದ್ರೂ ಹೇಳಿದ್ರಾ?" ಕೇಳಿದ.

"ಗೊತ್ತಾಗೋ ಅಷ್ಟು ಬೆಳೆದಿರ್ಲಿಲ್ಲ," ಅಂದಳು ಯಶೋದ.

ಅವನು ಹೊಸ್ತಿಲ ಮೇಲೆ ಕುಸಿದು ಕೂತ. ಮಂಡಿಗಳ ನಡುವೆ ತಲೆ ಇಟ್ಟುಕೊಂಡ. ಬೆನ್ನು ಅದುರುತ್ತಿತ್ತು. ಯಶೋದ ಏಳಲು ಹೋದಳು. ಅಷ್ಟರಲ್ಲಿ ಅವನೇ ಎದ್ದು, ಗೋಡೆಯ ಗೂಟದಿಂದ ಬಟ್ಟೆಗಳನ್ನು ಎಳೆದುಕೊಂಡ.

"ಉಂಡು ಹೋಗ್ಲಾ," ನಾಗಕ್ಕ ಅಂದಳು.

"ಇನ್ನೂ ಆಗಕಿಲ್ಲ ಅವ್ವ. ಇವಳ ಮುಖ ನೋಡಿದ್ರೆ ಅದೇ ಕಾಣ್ತದೆ."

"ನನಗೂ ಅದೇ ಕಾಣ್ತದೆ," ಅಂದಳು ಯಶೋದ. "ನಾನೆಲ್ಲಿಗೆ ಹೋಗ್ಲಿ?"

ಅವನು ಅವಳನ್ನು ನೋಡಿದ. ಬಟ್ಟೆಗಳನ್ನು ಎದೆಗೆ ಒತ್ತಿಕೊಂಡು ಹೊರಗೆ ಹೋದ. ಆಟೋ ಬೀದಿ ತಿರುಗುವವರೆಗೂ ಇಬ್ಬರೂ ಹೆಂಗಸರು ಅಲ್ಲಾಡಲಿಲ್ಲ.

ನಾಗಕ್ಕ ತಟ್ಟೆಗೆ ಬಿಸಿ ಅನ್ನ ಹಾಕಿ, ಮೆಣಸಿನ ಸಾರು ಬಿಟ್ಟು, ತುಪ್ಪ ಹಾಕಿ ಕಲಸಿದಳು.

"ಬೇಡ ಅತ್ತೆ. ಇಳಿಯಕಿಲ್ಲ."

ನಾಗಕ್ಕ ಅವಳ ಎದುರು ಚಕ್ಕಳಮಕ್ಕಳ ಹಾಕಿ ಕೂರಲು ಹೋಗಿ, ಮಂಡಿ ಮಡಿಸಲಾಗದೆ ಕಾಲು ಚಾಚಿ ಕೂತಳು. ಒಂದು ಕೈಯಲ್ಲಿ ತಟ್ಟೆ ಹಿಡಿದು, ಇನ್ನೊಂದರಲ್ಲಿ ತುತ್ತು ಎತ್ತಿ ಹಿಡಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಯಶೋದ ಬಾಯಿ ತೆರೆದಳು.